ಓದಿದ್ದು ನೆನಪಿದೆ, ಆದರೆ ತಪ್ಪಾಗಿ ನೆನಪಿದೆ! ಪರೀಕ್ಷೆಗೆ ಓದುವ ಮಕ್ಕಳು ತಿಳಿಯಬೇಕಾದ ಸಂಗತಿ

ಕುರುಗೋಡು: ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಹೊರಬರುವ ಮಕ್ಕಳ ಬಾಯಲ್ಲಿ ಎರಡು ಮಾತು ಸಾಮಾನ್ಯ. ಒಂದು, 'ಓದಿದ್ದೆ, ಮರ್ತೋಯ್ತು'. ಇನ್ನೊಂದು, 'ಅದು ಕರೆಕ್ಟೇ ಬರ್ದೀನಿ ಬಿಡು'. ಮರೆತವನಿಗೆ ತಾನು ಮರೆತಿದ್ದು ಗೊತ್ತಿರುತ್ತೆ, ಮನೆಗೆ ಹೋಗಿ ಪುಸ್ತಕ ತೆಗೆದು ನೋಡ್ತಾನೆ. ತಪ್ಪನ್ನೇ ಸರಿ ಅಂದುಕೊಂಡವನು ಪುಸ್ತಕ ತೆಗೆಯುವುದೇ ಇಲ್ಲ. ಪರೀಕ್ಷೆ-2 ಬರೆಯಲು ಕೂತರೂ ಅದೇ ತಪ್ಪು ಉತ್ತರ ಬರೆದು ಬರುವ ಸಾಧ್ಯತೆ ಹೆಚ್ಚು. ಇದು ದಡ್ಡತನವಲ್ಲ. ನಾವು ಓದುವ ವಿಧಾನದಿಂದಲೇ ಇಂಥ 'ಸುಳ್ಳು ನೆನಪು' ಹುಟ್ಟಬಹುದು ಎನ್ನುತ್ತದೆ ಮನೋವಿಜ್ಞಾನ.

ಸುಳ್ಳು ನೆನಪು ಎಂದರೇನು?

ಈ ಪದಗಳನ್ನು ಒಂದು ಸಲ ಓದಿ: ಬಿಸಿಲು, ಬೆವರು, ಮಜ್ಜಿಗೆ, ಫ್ಯಾನು, ನೆರಳು, ಬಾಯಾರಿಕೆ, ಧೂಳು, ಕೊಡೆ, ಮಾವು, ರಜೆ. ಸ್ವಲ್ಪ ಹೊತ್ತಾದ ಮೇಲೆ ನೋಡದೇ ಬರೆಯಲು ಹೇಳಿದರೆ ಹಲವರು 'ಬೇಸಿಗೆ' ಎಂದೂ ಬರೆದುಬಿಡುತ್ತಾರೆ. ಪಟ್ಟಿಯಲ್ಲಿ ಆ ಪದವೇ ಇಲ್ಲ!

ಇಂಥದ್ದೇ ಪ್ರಯೋಗವನ್ನು ಅಮೆರಿಕದ ವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮೆಕ್‌ಡರ್ಮಟ್ 1995ರಲ್ಲಿ ಪ್ರಕಟಿಸಿದರು. ಅವರ ಎರಡನೇ ಪ್ರಯೋಗದಲ್ಲಿ, ಪಟ್ಟಿಯಲ್ಲಿ ಇಲ್ಲದ ಪದವನ್ನು ವಿದ್ಯಾರ್ಥಿಗಳು ಶೇ 55ರಷ್ಟು ಸಲ 'ಇತ್ತು' ಎಂದು ನೆನಪಿಸಿಕೊಂಡರು. ಮೆದುಳು ಫೋಟೋ ತೆಗೆಯುವ ಮೊಬೈಲ್ ಅಲ್ಲ. ಅದು ಸಾರಾಂಶ ಇಟ್ಟುಕೊಳ್ಳುತ್ತೆ. ಖಾಲಿ ಜಾಗವನ್ನು ತನಗೆ ತೋಚಿದ್ದರಿಂದ ತುಂಬಿಕೊಳ್ಳುತ್ತೆ.

ಮತ್ತೆ ಮತ್ತೆ ಓದಿದರೆ ಸಾಕಾ?

ಸಾಲದು. ಒಂದೇ ಪಾಠ ನಾಲ್ಕು ಸಲ ಓದಿದಾಗ ಸಾಲುಗಳು ಪರಿಚಿತ ಅನಿಸುತ್ತವೆ. 'ಇದು ಗೊತ್ತು' ಎಂಬ ಧೈರ್ಯ ಬರುತ್ತೆ. ಪರಿಚಯ ಬೇರೆ, ನೆನಪು ಬೇರೆ. ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಇದನ್ನು ಅಳೆದು ತೋರಿಸಿದರು. ಒಂದು ಪಾಠವನ್ನು ವಿದ್ಯಾರ್ಥಿಗಳು ಎರಡು ಸಲ ಓದಿದರು. ಇನ್ನೊಂದು ಪಾಠವನ್ನು ಒಂದು ಸಲ ಓದಿ, ಆಮೇಲೆ ನೋಡದೇ ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ಶೇ 81 ಮತ್ತು ಶೇ 75. ಒಂದು ವಾರದ ನಂತರ ಲೆಕ್ಕ ಉಲ್ಟಾ. ಎರಡು ಸಲ ಓದಿದ್ದರಲ್ಲಿ ನೆನಪಿದ್ದದ್ದು ಶೇ 42, ನೋಡದೇ ಬರೆದದ್ದರಲ್ಲಿ ಶೇ 56.

ಪರೀಕ್ಷೆ ಐದು ನಿಮಿಷಕ್ಕೆ ಬರಲ್ಲ, ವಾರಗಳ ಮೇಲೆ ಬರುತ್ತೆ. ಹಾಗಾಗಿ ಪುಸ್ತಕ ಮುಚ್ಚಿ ಬರೆಯುವುದೇ ಲಾಭ.

ಆದರೆ ಇಲ್ಲೊಂದು ಎಚ್ಚರಿಕೆ

ನೋಡದೇ ಬರೆದು ಹಾಗೇ ಬಿಟ್ಟರೆ ಅಪಾಯವೂ ಇದೆ. 1995ರ ಪ್ರಯೋಗದಲ್ಲಿ ಒಮ್ಮೆ ನೆನಪಿಸಿಕೊಂಡು ಬರೆದ ಪಟ್ಟಿಗಳಲ್ಲಿ ನಿಜವಾದ ನೆನಪಿನ ಜೊತೆ ಸುಳ್ಳು ನೆನಪೂ ಗಟ್ಟಿಯಾಗಿತ್ತು. ಬಹು ಆಯ್ಕೆ ಪ್ರಶ್ನೆಗಳದ್ದೂ ಇದೇ ಕಥೆ. ನಾಲ್ಕು ಆಯ್ಕೆಗಳಲ್ಲಿ ಮೂರು ತಪ್ಪು. ಅವನ್ನೂ ನಾವು ಓದಿರುತ್ತೇವೆ. ರೋಡಿಗರ್ ಮತ್ತು ಎಲಿಜಬೆತ್ ಮಾರ್ಶ್ 2005ರಲ್ಲಿ ಕಂಡಂತೆ, ತಪ್ಪು ಆಯ್ಕೆಗಳು ಹೆಚ್ಚಿದಷ್ಟೂ ಅವೇ ಮುಂದೆ ಉತ್ತರವಾಗಿ ಬರುವುದೂ ಹೆಚ್ಚಿತ್ತು. ಇದಕ್ಕೆ ಮದ್ದು ಸರಳ: ಸರಿ ಉತ್ತರ ನೋಡಿಕೊಳ್ಳುವುದು. ಸರಿ ಉತ್ತರ ತಿಳಿಸಿದಾಗ ಈ ತೊಂದರೆ ಕಡಿಮೆಯಾಗುತ್ತದೆ ಎಂಬುದು 2008ರ ಅಧ್ಯಯನದಲ್ಲಿ ಕಂಡುಬಂತು.

ನಮ್ಮೂರಿನದ್ದೇ ಉದಾಹರಣೆ

'ಹಂಪಿ ಯಾವ ಜಿಲ್ಲೆಯಲ್ಲಿದೆ?' ಹಳೇ ಗೈಡಿನಲ್ಲಿ ಬಳ್ಳಾರಿ ಎಂದೇ ಇರುತ್ತೆ. ಮನೆಯ ಹಿರಿಯರೂ ಅದನ್ನೇ ಹೇಳ್ತಾರೆ. ಆದರೆ 2021ರಲ್ಲಿ ವಿಜಯನಗರ ಜಿಲ್ಲೆ ಪ್ರತ್ಯೇಕವಾದ ಮೇಲೆ ಹಂಪಿ ಅಲ್ಲಿಗೆ ಸೇರಿದೆ. ನೂರು ಸಲ ಕೇಳಿದ ಹಳೇ ಉತ್ತರ, ಒಂದೇ ಸಲ ಓದಿದ ಹೊಸ ಉತ್ತರವನ್ನು ತಳ್ಳಿಬಿಡುತ್ತೆ.

ಹತ್ತನೇ ತರಗತಿ ಇತಿಹಾಸದಲ್ಲಿ ಸಹಾಯಕ ಸೈನ್ಯ ಪದ್ಧತಿ ಮತ್ತು ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿ ಅದಲು ಬದಲಾಗುವುದೂ ಹೀಗೇ. ಮೊದಲನೆಯದು ವೆಲ್ಲೆಸ್ಲಿ, 1798. ಎರಡನೆಯದು ಡಾಲ್‌ಹೌಸಿ, 1848. ಬರೀ ಉರು ಹೊಡೆದರೆ ಕಲಸಿಹೋಗುತ್ತೆ. ಸಹಾಯಕ ಸೈನ್ಯ ಪದ್ಧತಿಗೆ ಒಳಪಟ್ಟ ಹೈದರಾಬಾದ್ ನಿಜಾಮ, ಆ ಸೈನ್ಯದ ಖರ್ಚಿಗಾಗಿ 1800ರಲ್ಲಿ ನಮ್ಮ ಬಳ್ಳಾರಿ ಸೀಮೆಯನ್ನೇ ಕಂಪನಿಗೆ ಬಿಟ್ಟುಕೊಟ್ಟ. ಈ ಒಂದು ಸಂಗತಿ ಜೋಡಿಸಿಕೊಂಡರೆ 1798 ಯಾವುದಕ್ಕೆ ಸೇರಿದ್ದು ಎಂಬ ಗೊಂದಲ ಉಳಿಯಲ್ಲ.

ಹೇಗೆ ಓದಬೇಕು?

* ಒಂದು ಸಲ ಅರ್ಥ ಮಾಡಿಕೊಂಡು ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಿರಿ.
* ಬರೆದ ಕೂಡಲೇ ಪಠ್ಯಪುಸ್ತಕದ ಜೊತೆ ಹೋಲಿಸಿ. ತಪ್ಪನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿ ಉತ್ತರ ಬರೆಯಿರಿ. ಈ ಹೆಜ್ಜೆ ಬಿಡಲೇಬೇಡಿ.
* ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿದರೆ ಕೀ ಉತ್ತರ ನೋಡದೇ ಏಳಬೇಡಿ.
* ಒಂದೇ ರಾತ್ರಿ ಐದು ಗಂಟೆ ಬೇಡ. ಇಂದು, ಮೂರು ದಿನದ ಮೇಲೆ, ವಾರದ ಮೇಲೆ ಎಂದು ಹಂಚಿಕೊಳ್ಳಿ. ಬಿಡುವು ಕೊಟ್ಟು ಓದಿದ್ದು ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ಗುರುತಿಸಿದ್ದ.
* ಒಂದೇ ಥರ ಕಾಣುವ ಎರಡು ವಿಷಯಗಳನ್ನು ಅಕ್ಕಪಕ್ಕ ಬರೆದು ವ್ಯತ್ಯಾಸ ಗುರುತು ಮಾಡಿ.
* ಗೆಳೆಯರ ಜೊತೆ ಚರ್ಚೆ ಮಾಡಿ, ಕೊನೆಗೆ ಪುಸ್ತಕ ತೆರೆಯಿರಿ. ಒಬ್ಬ ಧೈರ್ಯವಾಗಿ ಹೇಳಿದ ತಪ್ಪು ಎಲ್ಲರ ನೆನಪಾಗಿಬಿಡಬಹುದು.

ಪೋಷಕರಿಗೂ ಒಂದು ಮಾತು. ಓದು ಬರದ ತಾಯಿ ತಂದೆ ಕೂಡ ಮಗುವಿಗೆ ನೆರವಾಗಬಹುದು. 'ಇವತ್ತು ಏನು ಓದಿದೆ, ಪುಸ್ತಕ ನೋಡದೇ ಹೇಳು' ಎಂದರೆ ಸಾಕು. ಹೇಳಿ ಮುಗಿದ ಮೇಲೆ 'ಸರಿ ಇದೆಯಾ, ಪುಸ್ತಕದಲ್ಲಿ ನೋಡಿ ಬಾ' ಎಂದು ಕಳಿಸಿ. ಈ ಕೆಲಸಕ್ಕೆ ಟ್ಯೂಷನ್ ಬೇಕಿಲ್ಲ, ಖರ್ಚೂ ಇಲ್ಲ.