ಮಧುಮೇಹವೂ ನಿತ್ಯದ ನಡಿಗೆಯೂ

ಚಿತ್ರದುರ್ಗದ ದಕ್ಷಿಣಕ್ಕಿರುವ ಜೋಗಿಮಟ್ಟಿಯನ್ನು ನಮ್ಮ ಸೀಮೆಯ ಮಕ್ಕಳು ಯಾರು ತಾನೇ ಅರಿಯರು? ಸಮುದ್ರಮಟ್ಟಕ್ಕೆ ಸುಮಾರು 3,800 ಅಡಿ ಎತ್ತರವುಳ್ಳ ಆ ಗಿರಿಯನ್ನು ಬಾಲ್ಯದಲ್ಲಿ ನಗುನಗುತ್ತ ಹತ್ತಿದ ಹೆಣ್ಣುಮಕ್ಕಳು, ಶಾಲೆಯನ್ನು ಬಿಟ್ಟು ಸಂಸಾರಕ್ಕೆ ಸೇರಿದ ಹತ್ತಿಪ್ಪತ್ತು ವರ್ಷಗಳೊಳಗಾಗಿ ಮನೆಯ ಮಹಡಿಯ ಮೆಟ್ಟಿಲುಗಳಿಗೇ ಏದುಸಿರು ಬಿಡುವುದನ್ನು ಕಾಣುತ್ತೇವೆ. ಶಾಲೆಯ ಡ್ರಿಲ್ಲು, ಓಟ, ಚೆಂಡಾಟಗಳು ಕಡೆಯ ಪರೀಕ್ಷೆಯೊಂದಿಗೇ ಮುಗಿದುಹೋಗುವುವು. ಇದರಿಂದ ದೇಹಕ್ಕೆ ಒದಗುವ ಕೇಡುಗಳಲ್ಲಿ ಮಧುಮೇಹವು ಮುಖ್ಯವಾದುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ವ್ಯಾಧಿಯುಂಟು. ಮತ್ತೆ 13 ಕೋಟಿಗೂ ಮಿಕ್ಕ ಜನರು ಅದರ ಹೊಸ್ತಿಲಲ್ಲಿ ನಿಂತಿರುವರು. ಆದರೆ ಹೊಸ್ತಿಲಲ್ಲಿರುವವರೆಲ್ಲರೂ ಒಳಕ್ಕೆ ಕಾಲಿಡಲೇಬೇಕೆಂಬ ವಿಧಿಯಿಲ್ಲ. ಇದೇ ನಮಗೆ ಧೈರ್ಯವನ್ನು ಕೊಡತಕ್ಕ ಸಂಗತಿ.

ವ್ಯಾಯಾಮವು ಇಲ್ಲಿ ಹೇಗೆ ನೆರವಾಗುವುದೆಂಬುದನ್ನು ವಿಚಾರಿಸೋಣ. ನಾವುಂಡ ಮುದ್ದೆ, ಅನ್ನ, ರೊಟ್ಟಿಗಳು ಜೀರ್ಣವಾಗಿ, ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುವುವು. ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಎಂಬ ರಸವು ಆ ಸಕ್ಕರೆಯನ್ನು ಮಾಂಸಖಂಡಗಳೊಳಕ್ಕೆ ಸೇರಿಸುವುದು. ಸಾಮಾನ್ಯವಾಗಿ ವಯಸ್ಕರಿಗೆ ಬರುವ ಮಧುಮೇಹದಲ್ಲಿ ಮಾಂಸಖಂಡಗಳು ಇನ್ಸುಲಿನ್ನಿನ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಸಕ್ಕರೆಯು ರಕ್ತದಲ್ಲಿಯೇ ನಿಂತು, ಕಾಲಕ್ರಮದಲ್ಲಿ ಕಣ್ಣು, ಮೂತ್ರಪಿಂಡ, ನರ, ಹೃದಯಗಳನ್ನು ಕೆಡಿಸುವುದು. ಆದರೆ ದುಡಿಯುತ್ತಿರುವ ಮಾಂಸಖಂಡವು ಇನ್ಸುಲಿನ್ನಿಗೆ ಕಾಯದೆ ತಾನಾಗಿಯೇ ಸಕ್ಕರೆಯನ್ನು ಸೆಳೆದುಕೊಳ್ಳುವುದು. ಅಷ್ಟೇ ಅಲ್ಲ, ನಡಿಗೆ ಮುಗಿದ ಮೇಲೆಯೂ ಒಂದೆರಡು ದಿನಗಳವರೆಗೆ ಅದು ಇನ್ಸುಲಿನ್ನಿನ ಕರೆಗೆ ಬೇಗನೆ ಓಗೊಡುವುದು. ಅನಂತರ ಆ ಗುಣವು ಕ್ರಮೇಣ ಕುಗ್ಗಿಹೋಗುವುದು. ಆದುದರಿಂದ ವರ್ಷಕ್ಕೊಮ್ಮೆ ಜೋಗಿಮಟ್ಟಿಯ ತುದಿಯನ್ನು ಮುಟ್ಟಿ ಬರುವುದಕ್ಕಿಂತ, ದಿನವೂ ಮನೆಯ ಮುಂದಣ ಬೀದಿಯಲ್ಲಿ ಅರ್ಧ ಗಂಟೆ ನಡೆಯುವುದೇ ಲೇಸು.

ಇದು ಬರಿಯ ಊಹೆಯಲ್ಲ. ಚೀನಾದ ಡಾಚಿಂಗ್ ನಗರದಲ್ಲಿ 1986ರಲ್ಲಿ ಮೊದಲಾದ ಪ್ರಯೋಗವೊಂದರಲ್ಲಿ, ಹೊಸ್ತಿಲಲ್ಲಿದ್ದ 577 ಮಂದಿಯನ್ನು ಆರು ವರ್ಷಗಳ ಕಾಲ ಪರೀಕ್ಷಿಸಿದರು. ವಿಶೇಷ ಉಪದೇಶವಿಲ್ಲದವರಲ್ಲಿ ನೂರಕ್ಕೆ ಸುಮಾರು 68 ಮಂದಿಗೆ ರೋಗವು ಬಂದರೆ, ವ್ಯಾಯಾಮವೊಂದನ್ನೇ ಕೈಕೊಂಡವರಲ್ಲಿ 41 ಮಂದಿಗೆ ಮಾತ್ರ ಬಂದಿತು. ನಮ್ಮ ನೆರೆಯ ಚೆನ್ನೈಯಲ್ಲಿ ಡಾಕ್ಟರ್ ಎ. ರಾಮಚಂದ್ರನ್ ಅವರೂ ಅವರ ಸಂಗಡಿಗರೂ 531 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ವರ್ಷಗಳೊಳಗೆ ನೂರಕ್ಕೆ 55ರಷ್ಟಿದ್ದ ರೋಗವು, ಹಿತಮಿತವಾದ ಊಟವನ್ನೂ ನಿತ್ಯದ ನಡಿಗೆಯನ್ನೂ ಅನುಸರಿಸಿದವರಲ್ಲಿ 39ಕ್ಕೆ ಇಳಿಯಿತು. ಅವರ ದೇಹದ ತೂಕವು ಇಳಿಯದಿದ್ದರೂ ಈ ಫಲವು ದೊರೆಯಿತೆಂಬುದು ಗಮನಿಸತಕ್ಕ ವಿಷಯ. ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ನಡಿಗೆಯನ್ನು ಬಿಡಬಾರದು.

“ದಿನವೆಲ್ಲ ಮನೆಗೆಲಸದಲ್ಲಿಯೇ ಸವೆಯುತ್ತೇವೆ, ನಮಗೆ ಬೇರೆ ವ್ಯಾಯಾಮವೇಕೆ?” ಎಂದು ನಮ್ಮ ಸಹೋದರಿಯರು ಕೇಳಬಹುದು. ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗಗಳ ಕಾಲದಲ್ಲಿ ಈ ಮಾತು ಸಲ್ಲುತ್ತಿದ್ದಿತು. ಮಿಕ್ಸಿ, ನಲ್ಲಿಗಳು ಬಂದ ಮೇಲೆ ಅಡಿಗೆಮನೆಯ ಕೆಲಸವು ಬಹುಮಟ್ಟಿಗೆ ನಿಂತು ದಣಿಯುವ ಕೆಲಸವಾಗಿದೆ. ದಣಿವು ಬೇರೆ, ವ್ಯಾಯಾಮವು ಬೇರೆ. ಮಾತನಾಡಲು ಬರಬೇಕು, ಆದರೆ ಕೀರ್ತನೆ ಹಾಡಲು ಉಸಿರು ಸಾಲಬಾರದು. ನಡಿಗೆಯು ಅಷ್ಟು ಬಿರುಸಾಗಿರಬೇಕು. ಬಸುರಿಯಾಗಿದ್ದಾಗ ರಕ್ತದಲ್ಲಿ ಸಕ್ಕರೆ ಏರಿದ್ದವರಿಗೆ ಮುಂದೆ ಈ ರೋಗವು ಬರುವ ಸಂಭವವು ಹಲವು ಪಟ್ಟು ಹೆಚ್ಚು. ಹೆರಿಗೆಯ ಬಳಿಕ ಸಕ್ಕರೆ ಇಳಿಯಿತೆಂದು ಅವರು ಮೈಮರೆಯಬಾರದು.

ವಾರಕ್ಕೆ ಒಟ್ಟು 150 ನಿಮಿಷಗಳಿಗೆ ಕಡಮೆಯಿಲ್ಲದಂತೆ ನಡೆಯಬೇಕು; ಎರಡು ದಿನ ಒಂದೇ ಸಮನೆ ಬಿಡಬಾರದು. ಒಮ್ಮೆಗೇ ಸಾಗದವರು ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಫಲವುಂಟು. ಕೈಯೂರದೆ ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವಂತಹ ಸಾಧನೆಗಳನ್ನು ವಾರಕ್ಕೆರಡು ಸಲ ಮಾಡಿದರೆ ಮಾಂಸಖಂಡಗಳು ಬಲಗೊಳ್ಳುವುವು. ಜೋಗಿಮಟ್ಟಿಯ ಕಾಡು ಈಗ ವನ್ಯಜೀವಿಧಾಮ. ನಸುಕಿನಲ್ಲಿ ಅಲ್ಲಿಗೆ ಹೋಗಬೇಕಾಗಿಲ್ಲ. ಊರೊಳಗಿನ ಬೀದಿ, ಚಂದ್ರವಳ್ಳಿಯ ದಾರಿ, ಹಳ್ಳಿಯ ಕೆರೆಯ ಏರಿ, ಯಾವುದಾದರೂ ಸಾಕು.

ಈ ಚಿಕಿತ್ಸೆಯು ನಮ್ಮವರಿಗೆ ಹೊಸದಲ್ಲ. ನಿರ್ಧನನಾದ ರೋಗಿಯು ಕೊಡೆ ಪಾದರಕ್ಷೆಗಳಿಲ್ಲದೆ ನೂರು ಯೋಜನ ನಡೆಯಬೇಕೆಂದೂ ಬಾವಿಯನ್ನು ತೋಡಬೇಕೆಂದೂ ಸುಶ್ರುತಸಂಹಿತೆಯು ವಿಧಿಸಿದೆ. ಪಾದರಕ್ಷೆಯಿಲ್ಲದೆ ಎಂಬುದೊಂದನ್ನು ಮಾತ್ರ ಇಂದಿನ ವೈದ್ಯರು ಒಪ್ಪರು. ಮಧುಮೇಹಿಗಳ ಪಾದದ ಸ್ಪರ್ಶಜ್ಞಾನವು ಕುಂದಿರಬಹುದಾದುದರಿಂದ, ಮುಳ್ಳು ನೆಟ್ಟರೂ ತಿಳಿಯದೆ ಹುಣ್ಣಾಗುವುದುಂಟು. ಮೆತ್ತನೆಯ ಪಾದರಕ್ಷೆಯನ್ನು ಮೆಟ್ಟಿ, ರಾತ್ರಿ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ಇನ್ಸುಲಿನ್ನನ್ನೋ ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನೋ ತೆಗೆದುಕೊಳ್ಳುವವರಿಗೆ ನಡೆಯುವಾಗ ನಡುಕ, ಬೆವರು, ಕಣ್ಣು ಕತ್ತಲೆಗಳು ಬರಬಹುದು. ಸೆರಗಿನ ಗಂಟಿನಲ್ಲಿ ಸ್ವಲ್ಪ ಸಕ್ಕರೆಯಿರಲಿ. ಎದೆನೋವು ಕಂಡರೆ ಒಡನೆ ನಿಂತು ವೈದ್ಯರ ಬಳಿಗೆ ಹೋಗತಕ್ಕದ್ದು. ನಡಿಗೆಯು ಔಷಧಕ್ಕೆ ಜೊತೆಯೇ ಹೊರತು ಬದಲಲ್ಲ. ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ಬಿಡಕೂಡದು.

ಕಡೆಯದಾಗಿ ತಂದೆತಾಯಿಗಳಲ್ಲಿ ಒಂದು ಬಿನ್ನಹ. ಹೆಣ್ಣುಮಗಳು ಎಲ್ಲರಿಗೂ ಬಡಿಸಿ, ಉಳಿದ ವೇಳೆಯಲ್ಲಿ ತನ್ನ ದೇಹವನ್ನು ನೋಡಿಕೊಳ್ಳಲೆಂದರೆ ಆ ವೇಳೆಯು ಎಂದಿಗೂ ಉಳಿಯದು. ಆಟವನ್ನು ಬಿಡಿಸದೆ ಮಗಳನ್ನು ಬೆಳೆಸಿರಿ. ಸೊಸೆಗೂ ದಿನಕ್ಕೆ ಅರ್ಧ ಗಂಟೆಯನ್ನು ಬಿಟ್ಟುಕೊಡಿರಿ. ದೇವರು ನಮ್ಮ ವಶಕ್ಕೆ ಒಪ್ಪಿಸಿರುವ ಈ ಶರೀರವನ್ನು ಕಾಪಾಡಿಕೊಳ್ಳುವುದು ಸ್ವಾರ್ಥವಲ್ಲ. ಅದು ನಮ್ಮ ಕರ್ತವ್ಯ.