ಹುನೈನ್ ಹುಡುಕಿದ ಗ್ರಂಥ

ಬಾಗ್ದಾದಿನ ಹೆಸರಾಂತ ವೈದ್ಯ ಯೂಹನ್ನಾ ಇಬ್ನ್ ಮಾಸವೈಹ್‌ಗೆ ಆ ಶಿಷ್ಯನ ಪ್ರಶ್ನೆಗಳೇ ಕಾಟವಾಗಿದ್ದವು. ಒಂದು ದಿನ ತಾಳ್ಮೆ ತಪ್ಪಿತು. ಹೀರಾ ಊರಿನವರಿಗೆ ವೈದ್ಯವೇಕೆ, ಬೀದಿಯಲ್ಲಿ ಕೂತು ನಾಣ್ಯ ಬದಲಿಸಿಕೊಂಡಿರಲಿ ಎಂದು ಹೀಯಾಳಿಸಿ ಹೊರದಬ್ಬಿದ. ಅಳುತ್ತ ಹೊರಟುಹೋದವನು ಹುನೈನ್ ಇಬ್ನ್ ಇಸ್ಹಾಕ್. 808ರ ಸುಮಾರಿಗೆ ಹುಟ್ಟಿದವನು, ಕ್ರೈಸ್ತ ಔಷಧ ವ್ಯಾಪಾರಿಯೊಬ್ಬನ ಮಗ.

ಎರಡು ವರ್ಷಕ್ಕೂ ಮಿಕ್ಕಿ ಅವನ ಸುಳಿವೇ ಇರಲಿಲ್ಲ. ಆಮೇಲೊಂದು ದಿನ ಪರಿಚಿತರ ಮನೆಯಲ್ಲಿ ಉದ್ದಗೂದಲಿನ ವ್ಯಕ್ತಿಯೊಬ್ಬ ಹೋಮರನ ಪದ್ಯಗಳನ್ನು ಗ್ರೀಕಿನಲ್ಲೇ ಹೇಳಿಕೊಳ್ಳುತ್ತ ಅಡ್ಡಾಡುತ್ತಿದ್ದ. ಅವನನ್ನು ಬಲ್ಲವರೊಬ್ಬರಿಗೆ ದನಿಯ ಗುರುತು ಹತ್ತಿತು: ಹುನೈನ್! ಹೊರದಬ್ಬಿದ ಗುರುವೇ ಮುಂದೆ ಅವನಿಂದ ಗ್ರಂಥಗಳನ್ನು ಅನುವಾದ ಮಾಡಿಸಿಕೊಂಡ.

ಆದರೆ ಭಾಷೆ ಬಂದರಷ್ಟೇ ಸಾಲುತ್ತಿರಲಿಲ್ಲ. ಹರೆಯದಲ್ಲಿ ಅವನು ಗ್ರೀಕ್ ವೈದ್ಯ ಗೇಲನ್‌ನ ಪುಸ್ತಕವೊಂದನ್ನು ಸಿರಿಯಾಕ್ ಭಾಷೆಗೆ ತಂದಾಗ ಕೈಯಲ್ಲಿದ್ದುದು ತಪ್ಪುಗಳೇ ತುಂಬಿದ ಪ್ರತಿ. ಮೂಲವೇ ಕೆಟ್ಟಿದ್ದಾಗ ಅನುವಾದ ನೆಟ್ಟಗಾಗುವುದೆಂತು?

ಅಂಥ ಪ್ರತಿಯೂ ಸಿಗದ ಗ್ರಂಥವೊಂದಿತ್ತು. ಒಂದು ಮಾತನ್ನು ಸತ್ಯವೆಂದು ಸಾಧಿಸುವುದು ಹೇಗೆಂದು ಗೇಲನ್ 15 ಭಾಗಗಳಲ್ಲಿ ಬರೆದಿದ್ದ. ಆಸ್ಥಾನ ವೈದ್ಯ ಜಿಬ್ರೀಲ್ ಎಷ್ಟು ಹುಡುಕಿದರೂ ಕೆಲವು ಬಿಡಿ ಭಾಗಗಳಷ್ಟೇ ದಕ್ಕಿದ್ದವು. ಹುನೈನ್ ತಾನೇ ಹೊರಟ. ಮೆಸಪೊಟೇಮಿಯಾ ಅಲೆದ, ಸಿರಿಯಾ ಜಾಲಾಡಿದ, ಪ್ಯಾಲೆಸ್ಟೈನ್ ದಾಟಿ ಈಜಿಪ್ಟಿಗಿಳಿದ. ಅಲೆಕ್ಸಾಂಡ್ರಿಯಾದವರೆಗೆ ಹೋದರೂ ಬರಿಗೈ. ಇಡೀ ಅಲೆದಾಟದಲ್ಲಿ ಫಲ ಕೊಟ್ಟದ್ದು ಡಮಾಸ್ಕಸ್ ಒಂದೇ. ಅಲ್ಲಿ ಸಿಕ್ಕಿದ್ದೂ ಸುಮಾರು ಅರ್ಧ ಗ್ರಂಥ, ಅದೂ ಹಿಂದುಮುಂದಿನ ಕೊಂಡಿ ಕಳಚಿದ ಭಾಗಗಳು.

ಹುನೈನ್‌ಗೆ ನಲವತ್ತರ ಸುಮಾರಾದಾಗ ಸೋದರಳಿಯ ಹುಬೈಶ್, ಹರೆಯದಲ್ಲಿ ಮಾಡಿದ್ದ ಆ ಹಳೆಯ ಸಿರಿಯಾಕ್ ಅನುವಾದವನ್ನು ತಿದ್ದಿಕೊಡೆಂದು ಕೇಳಿದ. ಅಷ್ಟರಲ್ಲಿ ಹುನೈನ್ ಬಳಿ ಆ ಪುಸ್ತಕದ ಹಲವು ಗ್ರೀಕ್ ಪ್ರತಿಗಳು ಕೂಡಿದ್ದವು. ಎಲ್ಲವನ್ನೂ ಎದುರಿಗಿಟ್ಟು ಸಾಲು ಸಾಲಾಗಿ ತಾಳೆ ನೋಡಿದ, ಒಂದು ಶುದ್ಧ ಪಾಠ ಕಟ್ಟಿದ, ಅದಕ್ಕೆ ಹೋಲಿಸಿ ತನ್ನ ಅನುವಾದ ತಿದ್ದಿದ. ಮುಂದೆ ಅದೇ ಅವನ ಕ್ರಮವಾಯಿತು.

ಗುಟ್ಟು ಸರಳವಾಗಿತ್ತು. ಲಿಪಿಕಾರರು ಎಲ್ಲರೂ ಎಡವುತ್ತಾರೆ, ಆದರೆ ಎಲ್ಲರೂ ಒಂದೇ ಕಡೆ ಎಡವುವುದು ಅಪರೂಪ. ಒಂದರ ತಪ್ಪನ್ನು ಇನ್ನೊಂದು ಬಯಲು ಮಾಡುತ್ತದೆ. ಹುನೈನ್ ಅರಸಿದ ಆ ಗ್ರಂಥ ಇಂದಿಗೂ ಇಡಿಯಾಗಿ ಸಿಕ್ಕಿಲ್ಲ. ಆದರೆ ಗೇಲನ್‌ನ ಅಂಗರಚನೆಯ ಮಹಾಗ್ರಂಥದ ಉತ್ತರಾರ್ಧ ಗ್ರೀಕಿನಲ್ಲಿ ಅಳಿದರೂ ಅರಬ್ಬಿಯಲ್ಲಿ ಉಳಿಯಿತು; ಹುನೈನ್‌ನ ಮಗ ಇಸ್ಹಾಕ್‌ನ ಕೈಯಲ್ಲಿ ಅರಿಸ್ಟಾಟಲ್‌ನ ಭೌತಶಾಸ್ತ್ರವೂ ಅರಬ್ಬಿಗೆ ಬಂತು.