ಲಡಾಖ್‌ನ ಆಕಾಶ ಕೆಂಪೇರಿದ ರಾತ್ರಿ

2024ರ ಮೇ 11, ನಡುರಾತ್ರಿ ಕಳೆದಿದೆ. ಲಡಾಖ್‌ನ ಹಾನ್ಲೆ. ಬೆಂಗಳೂರಿನ ಖಗೋಳ ಭೌತವಿಜ್ಞಾನ ಸಂಸ್ಥೆಯ ಕ್ಯಾಮೆರಾದಲ್ಲಿ ಬಾನಂಚು ಕುಂಕುಮ ಚೆಲ್ಲಿದ ಹಾಗೆ ಕೆಂಪು! ಧ್ರುವದ ಬೆಳಕು ಇಲ್ಲಿ ಹೇಗೆ?

ಸೂರ್ಯ ಉಗುಳಿದ ವಿದ್ಯುತ್ ಕಣಗಳ ಮೋಡ ಭೂಮಿಯ ಕಾಂತಕ್ಷೇತ್ರವನ್ನು ಗುದ್ದಿ ಅಲುಗಿಸುತ್ತದೆ. ಆಗ ಎಲೆಕ್ಟ್ರಾನ್‌ಗಳು ಕಾಂತರೇಖೆಗಳ ಗುಂಟ ಧ್ರುವಗಳ ಕಡೆ ಧುಮುಕಿ ಆಮ್ಲಜನಕಕ್ಕೆ ಡಿಕ್ಕಿ ಹೊಡೆಯುತ್ತವೆ. ಸುಮಾರು 100 ಕಿ.ಮೀ. ಎತ್ತರದಲ್ಲಿ ಹಸಿರು, 200 ದಾಟಿದರೆ ಕೆಂಪು. ದೂರದ ಹಾನ್ಲೆಗೆ ಕಂಡದ್ದು ಆ ಬೆಳಕಿನ ಪರದೆಯ ಮೇಲಂಚು ಮಾತ್ರ.

ಚೆಂದದ ಜೊತೆ ಪೆಟ್ಟೂ ಉಂಟು. ಸೂರ್ಯನ ಈ ಗುದ್ದಿಗೆ ಕಾದ ಮೇಲ್ವಾತಾವರಣ ಒಲೆ ಮೇಲಿನ ಹಾಲಿನಂತೆ ಉಕ್ಕುತ್ತದೆ. ಉಪಗ್ರಹಗಳಿಗೆ ಗಾಳಿಯ ತಡೆ ಹೆಚ್ಚುತ್ತದೆ. 2022ರ ಫೆಬ್ರವರಿಯಲ್ಲಿ ಆಗಷ್ಟೇ ಹಾರಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಹೀಗೇ ಕೆಳಗಿಳಿದು ಉರಿದುಹೋದವು!